ಹೊಳಿ ಇಳಿದ ಮೇಲೆ ಸೂರು: ಗಂಜಿ ಕೇಂದ್ರದಿಂದ ತಗಡಿನ ಶೆಡ್ಡಿನವರೆಗೆ

ಕೃಷ್ಣೆಗೆ ಮಹಾಪೂರ ಒಮ್ಮೆಲೇ ಬರುವುದಿಲ್ಲ. ಸಹ್ಯಾದ್ರಿಯಲ್ಲಿ ಮಳೆ ಹಿಡಿಯಬೇಕು, ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಗೇಟು ತೆಗೆಯಬೇಕು, ಆ ನೀರು ರಾಜಾಪುರ ಬ್ಯಾರೇಜ್ ದಾಟಿ ಚಿಕ್ಕೋಡಿ ಸೀಮೆಗೆ ಇಳಿಯಬೇಕು. ಕಲ್ಲೋಳದ ಬಳಿ ದೂಧಗಂಗೆಯ ನೀರೂ ಸೇರಿಕೊಳ್ಳುತ್ತದೆ. ಇಷ್ಟೆಲ್ಲ ಆಗಲು ಒಂದೆರಡು ದಿನ ಬೇಕು. ದಿನಾ ಬೆಳಿಗ್ಗೆ ರಾಜಾಪುರದಿಂದ ಎಷ್ಟು ಕ್ಯೂಸೆಕ್, ಕಲ್ಲೋಳದಲ್ಲಿ ಎಷ್ಟು, ಯಾವ ಕೆಳಹಂತದ ಸೇತುವೆ ಮುಳುಗಿತು ಎಂಬುದು ಹೊಳೆಸಾಲಿನ ಊರುಗಳಲ್ಲಿ ಚಹಾದ ಜೊತೆಗಿನ ಮಾತು. ಮಲಪ್ರಭೆಯ ರೀತಿಯೇ ಬೇರೆ. ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಬೆಣ್ಣಿಹಳ್ಳವೂ ಕೂಡಿದರೆ ರಾತ್ರೋರಾತ್ರಿ ಮನೆ ಹೊಕ್ಕು ಹೊರಟೇಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತದ್ದು ಹೀಗೆಯೇ. ಕೃಷ್ಣೆ ನಿಧಾನಕ್ಕೆ ಬಂದು ವಾರಗಟ್ಟಲೆ ನಿಲ್ಲುತ್ತಾಳೆ, ಮಲಪ್ರಭೆ ಬಡಿದು ಹೋಗುತ್ತಾಳೆ. ಸೂರು ಹುಡುಕುವ ಕೆಲಸವೂ ಈ ಎರಡು ಕಡೆ ಎರಡು ರೀತಿ ನಡೆಯುತ್ತದೆ.

ಈ ಬರಹ ಹೊಳೆಸಾಲಿನ ಊರುಗಳಲ್ಲಿ ಜನರನ್ನು ಎಬ್ಬಿಸುವುದರಿಂದ ಹಿಡಿದು ಅರ್ಜಿ ಬರೆಯುವವರೆಗೆ ಕೈಹಾಕಿದವರು ಸೇರಿ ಬರೆದದ್ದು. ಯಾರ ಕಥೆಯನ್ನೂ ಹೇಳುತ್ತಿಲ್ಲ. ಯಾವ ದಿನ ಏನು ಮಾಡಬೇಕು, ಎಲ್ಲಿ ಎಡವುತ್ತೇವೆ ಎಂಬುದಷ್ಟೇ ಇದೆ. ಮೊದಲೇ ಹೇಳಿಬಿಡುವ ಮಾತೊಂದಿದೆ: ನೀರು ಬಂದ ಮೇಲಿನ ಹದಿನೈದಿಪ್ಪತ್ತು ದಿನಗಳಲ್ಲಿ ಕಾಗದದ ಮೇಲೆ ಏನು ಬರೆಯಲಾಯಿತೋ, ಮುಂದಿನ ಎರಡು ವರ್ಷ ನೀವು ಎಂಥ ಸೂರಿನ ಕೆಳಗೆ ಮಲಗುತ್ತೀರಿ ಎಂಬುದು ಅದರ ಮೇಲೇ ನಿಂತಿರುತ್ತದೆ.

ಡಂಗುರ ಸಾರಿದ ದಿನ ಊರಲ್ಲಿ ಯಾರೂ ಏಳುವುದಿಲ್ಲ. ಗಂಡಸರು ಹೊಳೆದಂಡೆಯಲ್ಲಿ ಕಲ್ಲಿಗೆ ಗುರುತು ಹಾಕಿ ಗೇಣು ಲೆಕ್ಕದಲ್ಲಿ ನೀರು ಅಳೆಯುತ್ತ ನಿಲ್ಲುತ್ತಾರೆ. "2005ರಾಗ ಇಲ್ಲೀತನಕ ಬಂದಿತ್ತು, ಈ ಸಲ ಅಷ್ಟ ಬರೂದಿಲ್ರಿ" ಎನ್ನುವ ಹಿರಿಯರು ಪ್ರತಿ ಊರಲ್ಲೂ ಇದ್ದಾರೆ. 2019ರಲ್ಲಿ ಅಂಥ ಹಳೆಯ ಗುರುತುಗಳೆಲ್ಲ ನೀರಿನ ಕೆಳಗೆ ಹೋದವು. ಕೈಯಲ್ಲಿರುವ ಒಂದೆರಡು ದಿನದಲ್ಲಿ ಪಾತ್ರೆ-ಪಗಡೆಗಿಂತ ಮೊದಲು ಕಾಗದ ಎತ್ತಬೇಕು. ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಮನೆಯ ಉತಾರ (ಇ-ಸ್ವತ್ತಿನ ನಮೂನೆ 9 ಮತ್ತು 11ಎ, ಇಲ್ಲವೇ 11ಬಿ), ಪಂಚಾಯಿತಿಗೆ ಮನೆಪಟ್ಟಿ ಕಟ್ಟಿದ ರಸೀದಿ, ಹೆಸ್ಕಾಂ ವಿದ್ಯುತ್ ಬಿಲ್ಲು, ಮಕ್ಕಳ ಶಾಲೆಯ ದಾಖಲೆ. ಇವನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಒಂದರೊಳಗೊಂದು ಕಟ್ಟಿ ಹೆಂಗಸರ ಕೈಗೆ ಕೊಡಿ, ಟ್ರಂಕಿನಲ್ಲಿ ಇಡಬೇಡಿ. ಟ್ರಂಕು ಟ್ರೇಲರಿನ ತಳಕ್ಕೆ ಹೋಗುತ್ತದೆ, ಟ್ರೇಲರು ಮೂರು ದಿನ ಮಳೆಯಲ್ಲಿ ನಿಲ್ಲುತ್ತದೆ.

ಆಮೇಲೆ ಫೋಟೋ. ಮನೆಯ ನಾಲ್ಕೂ ಕಡೆಯಿಂದ ಒಂದೊಂದು, ಒಳಗೆ ಪ್ರತಿ ಖೋಲಿಯದೊಂದು, ಬಾಗಿಲ ಮೇಲಿನ ಮನೆ ನಂಬರು ಓದಲು ಬರುವಂತೆ ಒಂದು. ಮನೆಯವರೊಬ್ಬರು ಚೌಕಟ್ಟಿನಲ್ಲಿ ನಿಂತಿರಲಿ. ತೆಗೆದ ಕೂಡಲೇ ಬೇರೆ ಊರಿನ ನೆಂಟರ ಫೋನಿಗೆ ಕಳಿಸಿಬಿಡಿ. ಇದು ಏಕೆ ಬೇಕೆಂದರೆ, ಮಣ್ಣಿನ ಮನೆ ಬಿದ್ದಮೇಲೆ ಉಳಿಯುವುದು ಮಣ್ಣಿನ ಗುಡ್ಡೆ. ಅಲ್ಲಿ ಮೂರು ಅಂಕಣದ ಮನೆಯಿತ್ತೋ ದನದ ಕೊಟ್ಟಿಗೆಯಿತ್ತೋ ಎಂದು ಸಮೀಕ್ಷೆಗೆ ಬಂದವರು ಕೇಳಿದರೆ ಗುಡ್ಡೆ ಉತ್ತರ ಕೊಡುವುದಿಲ್ಲ. ಕೊಟ್ಟಿಗೆಗೆ ಸಿಗುವ ಪರಿಹಾರಕ್ಕೂ ಮನೆಗೆ ಸಿಗುವುದಕ್ಕೂ ಅಜಗಜಾಂತರ.

ಜನ ಊರು ಬಿಡದಿರುವುದಕ್ಕೆ ಕಾರಣ ಮನೆಯ ಮೇಲಿನ ಮೋಹ ಎಂದು ಪೇಟೆಯವರು ಬರೆಯುತ್ತಾರೆ. ನಿಜವಾದ ಕಾರಣ ಎಮ್ಮೆ. "ಎಮ್ಮಿ ಬಿಟ್ಟ ನಾ ಬರಂಗಿಲ್ರಿ ಸಾಹೇಬ್ರ" ಎನ್ನುವವರನ್ನು ದೋಣಿಯಲ್ಲಿ ಕೂರಿಸುವುದು ಯಾವ ತಹಶೀಲ್ದಾರರಿಂದಲೂ ಆಗಿಲ್ಲ. ಆದ್ದರಿಂದ ಜನಕ್ಕಿಂತ ಮೊದಲು ದನ ಹೊರಡಬೇಕು, ಅದೂ ಸೇತುವೆ ಮುಳುಗುವ ಮೊದಲು. ದೊಡ್ಡ ಎಮ್ಮೆಗೆ ದಿನಕ್ಕೆ ಐದಾರು ಕೆಜಿ ಒಣ ಮೇವು, ಐವತ್ತು ಲೀಟರಿನಷ್ಟು ನೀರು ಬೇಕು. ಐವತ್ತು ದನ ಕಟ್ಟಿದ ಜಾಗಕ್ಕೆ ದಿನಕ್ಕೆ ಮುನ್ನೂರು ಕೆಜಿಯಷ್ಟು ಮೇವೂ ಅರ್ಧ ಟ್ಯಾಂಕರ್ ನೀರೂ ಬೇಕಾಗುತ್ತದೆ. ಆಗಸ್ಟಿನಲ್ಲಿ ಹೊಸ ಕಣಿಕೆ (ಜೋಳದ ಒಣ ದಂಟು) ಇರುವುದಿಲ್ಲ, ಹಳೆಯದು ನೀರಲ್ಲಿ ನಿಂತಿರುತ್ತದೆ. ದಿಬ್ಬದ ಊರಿನವರು ನಿಂತ ಕಬ್ಬನ್ನೇ ಕಡಿದು ಕೊಡಬೇಕು. ಮೇವಿನ ವ್ಯವಸ್ಥೆ ಇದ್ದ ಕಡೆ ಜನ ಅರ್ಧ ದಿನದಲ್ಲಿ ಹೊರಬರುತ್ತಾರೆ. ಇಲ್ಲದ ಕಡೆ ಮಾಳಿಗೆ ಹತ್ತಿ ಕೂತವರನ್ನು ಬೋಟಿನಲ್ಲಿ ಇಳಿಸಬೇಕಾಗುತ್ತದೆ. ಜಿಲ್ಲಾ ನಿಯಂತ್ರಣ ಕೊಠಡಿಯ 1077 ಸಂಖ್ಯೆಗೆ ಕರೆ ಮಾಡುವಾಗ ಊರ ಹೆಸರಷ್ಟೇ ಹೇಳಿದರೆ ಸಾಲದು. ಎಷ್ಟು ಜನ, ಅದರಲ್ಲಿ ನಡೆಯಲಾಗದವರೆಷ್ಟು, ಬಸುರಿ-ಬಾಣಂತಿಯರೆಷ್ಟು, ಯಾವ ಗುಡಿಯ ಪಕ್ಕ ಇದ್ದೀರಿ, ಅಲ್ಲಿ ವಿದ್ಯುತ್ ತಂತಿ ನೀರಿಗೆ ಎಷ್ಟು ಹತ್ತಿರ ಇದೆ, ಇಷ್ಟನ್ನು ಒಂದೇ ಉಸಿರಿಗೆ ಹೇಳಿ. ಕೊನೆಯದನ್ನು ಬೋಟು ನಡೆಸುವವರು ತಪ್ಪದೇ ಕೇಳುತ್ತಾರೆ.

ಕಾಗದದಲ್ಲಿ ಈಗ ಅದು ಕಾಳಜಿ ಕೇಂದ್ರ, ಜನರ ಬಾಯಲ್ಲಿ ಇನ್ನೂ ಗಂಜಿ ಕೇಂದ್ರ. ಶಾಲೆ, ಕಲ್ಯಾಣ ಮಂಟಪ, ಎಪಿಎಂಸಿ ಗೋದಾಮು, ಮಠ, ದಿಬ್ಬದ ಮೇಲೆ ಯಾವ ಕಟ್ಟಡವಿದೆಯೋ ಅದು. ಒಳಗೆ ಹೋದೊಡನೆ ರಿಜಿಸ್ಟರಿನಲ್ಲಿ ಹೆಸರು ಬರೆಸಿ. ಮನೆಯ ಹಿರಿಯನದೊಂದೇ ಸಾಲದು, ಪ್ರತಿಯೊಬ್ಬರದೂ ವಯಸ್ಸಿನ ಸಮೇತ ಇರಲಿ. ಊಟದ ಲೆಕ್ಕ, ಹಾಸಿಗೆ, ಔಷಧ ಎಲ್ಲ ಆ ಸಂಖ್ಯೆಯ ಮೇಲೇ ಬರುತ್ತದೆ. ನೆಂಟರ ಮನೆಗೆ ಹೋಗುವವರೂ ಮೊದಲು ಗ್ರಾಮ ಆಡಳಿತ ಅಧಿಕಾರಿಗೆ (ಊರಲ್ಲಿ ಇನ್ನೂ ತಲಾಟಿ ಎಂದೇ ಕೇಳಿ) ತಿಳಿಸಿ ಹೆಸರು ಬರೆಸಿಯೇ ಹೋಗಬೇಕು. ಹೇಳದೆ ಹೋದವರ ಹೆಸರು ರೇಷನ್ ಕಿಟ್ಟಿನ ಪಟ್ಟಿಯಲ್ಲಿ ಇರುವುದಿಲ್ಲ, ನೀರು ನುಗ್ಗಿದ ಮನೆಗಳ ಪಟ್ಟಿಯಿಂದಲೂ ತಪ್ಪಿಹೋದದ್ದುಂಟು. 2019ರಲ್ಲಿ ತುರ್ತು ಖರ್ಚಿಗೆಂದು ಕುಟುಂಬಕ್ಕೆ 10,000 ರೂಪಾಯಿ ಕೊಟ್ಟದ್ದು ಆ ಎರಡನೆಯ ಪಟ್ಟಿ ನೋಡಿ.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಪರಿಹಾರ ಕೇಂದ್ರಗಳಿಗೆ ಕನಿಷ್ಠ ಅಳತೆ ಹಾಕಿಕೊಟ್ಟಿದೆ: ಒಬ್ಬರಿಗೆ 3.5 ಚದರ ಮೀಟರ್ ಸೂರು, ದಿನಕ್ಕೆ 3 ಲೀಟರ್ ಕುಡಿಯುವ ನೀರು, ಬಳಕೆಗೆ 15 ಲೀಟರ್, 30 ಜನಕ್ಕೊಂದು ಶೌಚಾಲಯ, ಅದು 50 ಮೀಟರಿನೊಳಗೆ. ಇದನ್ನು ನಮ್ಮ ಕನ್ನಡ ಶಾಲೆಗೆ ಹೊಂದಿಸಿ ನೋಡಿ. 20 ಅಡಿ ಉದ್ದಗಲದ ಖೋಲಿಯೆಂದರೆ 37 ಚದರ ಮೀಟರ್, ಲೆಕ್ಕದ ಪ್ರಕಾರ ಹತ್ತು ಜನಕ್ಕೆ. ಮಲಗುವುದು ಮೂವತ್ತಕ್ಕೂ ಹೆಚ್ಚು. 200 ಜನರ ಕೇಂದ್ರಕ್ಕೆ ಏಳು ಶೌಚಾಲಯ ಬೇಕು, ಶಾಲೆಯಲ್ಲಿರುವುದು ಎರಡು, ಅವೂ ಮಕ್ಕಳ ಅಳತೆಯವು. ಮೂರನೆಯ ದಿನಕ್ಕೆ ಅವು ಕಟ್ಟಿಕೊಳ್ಳುತ್ತವೆ, ಹೆಂಗಸರು ಕತ್ತಲಾಗುವವರೆಗೆ ನೀರು ಕುಡಿಯುವುದನ್ನೇ ಬಿಡುತ್ತಾರೆ. ನಾವು ನೋಡಿದ ಕೇಂದ್ರಗಳಲ್ಲಿ ಊಟದ ಕೊರತೆಗಿಂತ ಇದೇ ದೊಡ್ಡ ಕಷ್ಟ. ಮೊದಲ ದಿನವೇ ಮೊಬೈಲ್ ಶೌಚಾಲಯಕ್ಕೆ ಬರೆದು ಕೊಡಿ. ಅದು ಬರುವತನಕ ತಾಡಪತ್ರಿ ಕಟ್ಟಿ ಹೆಂಗಸರಿಗೆ ಬೇರೆ ಬಚ್ಚಲು, ಹಾದಿಗೊಂದು ದೀಪ. ಹೆಣ್ಣುಮಕ್ಕಳು ರಾತ್ರಿ ಒಬ್ಬರೇ ಹೋಗದಂತೆ ಜೋಡಿ ಮಾಡಿಡಿ.

ನೀರಿನ ಟ್ಯಾಂಕರು ಬಂದಾಗ ಯಾರಾದರೊಬ್ಬರು ಬ್ಲೀಚಿಂಗ್ ಪೌಡರಿನ ಜವಾಬ್ದಾರಿ ಹೊರಬೇಕು. ತಿಳಿನೀರಾದರೆ 1,000 ಲೀಟರಿಗೆ ಎರಡೂವರೆ ಗ್ರಾಮ್, ಅಂದರೆ 5,000 ಲೀಟರಿನ ಟ್ಯಾಂಕರಿಗೆ ಹನ್ನೆರಡು ಗ್ರಾಮಿನಷ್ಟು. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತಮೇಲೆ ಮೇಲಿನ ತಿಳಿ ಮಾತ್ರ ಹುಯ್ಯಬೇಕು, ಒಂದು ಗಂಟೆ ಬಿಟ್ಟು ಕುಡಿಯಬೇಕು. ಪುಡಿಯನ್ನು ನೇರ ಎರಚಿದರೆ ನೀರು ಕಹಿಯಾಗಿ ಜನ ಹಳ್ಳದ ನೀರಿಗೇ ಹೋಗುತ್ತಾರೆ. ಬಾಯಿ ತೆರೆದಿಟ್ಟ ಹಳೆಯ ಪಾಕೀಟಿನಲ್ಲಿ ಸತ್ವ ಉಳಿದಿರುವುದಿಲ್ಲ, ಅದನ್ನು ನಂಬಬೇಡಿ.

ಊಟದ ವಿಷಯ ಹೆಚ್ಚು ಹೇಳುವುದಿಲ್ಲ. ಎರಡು ದಿನ ಅನ್ನ-ಸಾರು ಉಂಡ ಮೇಲೆ ಎಲ್ಲರೂ ರೊಟ್ಟಿ ಕೇಳುತ್ತಾರೆ. ಸುತ್ತಲಿನ ಊರುಗಳಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟುಗಳು ಬಂದೇ ಬರುತ್ತವೆ. ದಾನ ಕೊಡುವವರಿಗೆ ಒಂದು ಮಾತು: ಹಳೇ ಬಟ್ಟೆ ಕಳಿಸಬೇಡಿ. ಲಾರಿಗಟ್ಟಲೆ ಬಂದು, ಶಾಲೆಯ ಅಂಗಳದಲ್ಲಿ ಮಳೆಗೆ ನೆನೆದು, ಕೊನೆಗೆ ಅದನ್ನು ಸಾಗಿಸುವುದೇ ಪಂಚಾಯಿತಿಗೊಂದು ಕೆಲಸ. ಚಾಪೆ, ಹೊದಿಕೆ, ಮುಚ್ಚಳವಿರುವ ಕೊಡ, ಹೊಸ ಒಳಉಡುಪು, ಪ್ಯಾಡು, ಟಾರ್ಚು, ತಾಡಪತ್ರಿ, ಇವುಗಳಿಗೆ ಮಾತ್ರ ಯಾವ ಕೇಂದ್ರದಲ್ಲೂ ಮುಗಿಯದ ಬೇಡಿಕೆ.

ಕೇಂದ್ರ ಮುಚ್ಚುವ ಹೊತ್ತು ಯಾರೂ ನಿರೀಕ್ಷಿಸದಷ್ಟು ಬೇಗ ಬರುತ್ತದೆ. ನೀರು ಇಳಿಯಿತು, ಶಾಲೆ ಶುರುವಾಗಬೇಕು, ಮನೆಗೆ ನಡೆಯಿರಿ ಎನ್ನುತ್ತಾರೆ. ಮನೆಯಲ್ಲಿ ಮೊಣಕಾಲುದ್ದ ರಾಡಿ, ಗೋಡೆ ಹಸಿ. ಶೆಡ್ಡಿನ ಮಾತು ಇನ್ನೂ ಕಚೇರಿಯಲ್ಲಿದೆ. ಈ ನಡುವಿನ ಹತ್ತರಿಂದ ನಲವತ್ತು ದಿನಗಳಿಗೆ ಯಾವ ಯೋಜನೆಯಲ್ಲೂ ಹೆಸರಿಲ್ಲ. ಜನ ಟ್ರೇಲರಿನ ಕೆಳಗೆ, ಗುಡಿಯ ಕಟ್ಟೆಯ ಮೇಲೆ, ರಸ್ತೆಯ ಏರಿಯ ಮೇಲೆ ಮಲಗುವುದು ಪೂರದ ದಿನಗಳಲ್ಲಿ ಅಲ್ಲ, ಆಮೇಲೆ. ಇದನ್ನು ಮೊದಲೇ ಬಲ್ಲವರು ಕೇಂದ್ರ ಬಿಡುವ ಮುಂಚೆ ಲಿಖಿತ ಮನವಿ ಕೊಡುತ್ತಾರೆ: ಮನೆ ವಾಸಕ್ಕೆ ಯೋಗ್ಯವಿಲ್ಲದ ಕುಟುಂಬಗಳ ಪಟ್ಟಿ, ಅವರಿಗೆ ಶಾಲೆಯ ಬದಲು ಸಮುದಾಯ ಭವನ ಅಥವಾ ಗೋದಾಮು, ಊಟ ಬೇಡವಾದರೂ ಸೂರು ಮುಂದುವರಿಯಲಿ ಎಂದು. ಪಟ್ಟಿಯಿಲ್ಲದ ಬಾಯಿಮಾತಿಗೆ ಬೆಲೆಯಿಲ್ಲ. ಪಟ್ಟಿ ಕೊಟ್ಟು ಸ್ವೀಕೃತಿ ಪಡೆದರೆ ಒಂದೆರಡು ವಾರವಾದರೂ ಸಿಗುತ್ತದೆ.

ತಾಡಪತ್ರಿಯ ಕೆಳಗೇ ಇರಬೇಕಾಗಿ ಬಂದರೆ, ಅದನ್ನು ಚಪ್ಪಟೆಯಾಗಿ ಕಟ್ಟಬೇಡಿ. ನಡುವೆ ನೀರು ತುಂಬಿ ಹೊಟ್ಟೆ ಬಿಟ್ಟು ಹರಿಯುತ್ತದೆ. ನಡುವೆ ಎತ್ತರದ ಹಗ್ಗ, ಎರಡು ಕಡೆ ಇಳಿಜಾರು. ಅಂಚಿನ ಉಂಗುರ ಕಿತ್ತುಬಂದಲ್ಲಿ ಒಂದು ಹುಣಸೆಬೀಜದ ಗಾತ್ರದ ಹರಳನ್ನು ಒಳಗಿಟ್ಟು ಸುತ್ತ ಹಗ್ಗ ಬಿಗಿದರೆ ಆ ಗಂಟು ಉಂಗುರಕ್ಕಿಂತ ಗಟ್ಟಿ. ಸುತ್ತ ಗೇಣುದ್ದದ ಕಾಲುವೆ ತೋಡಿ. ಎರೆ ನೆಲ ನೀರು ಹೀರುವುದಿಲ್ಲ, ಹಾಸಿಗೆಯ ಕೆಳಗೇ ಬರುತ್ತದೆ. ಹಾಸಿಗೆಯನ್ನು ನೆಲದಿಂದ ಎತ್ತರಿಸಿ. ಪೂರ ಇಳಿದ ನೆಲದಲ್ಲಿ ಹಾವು ಒಣ ಜಾಗ ಹುಡುಕುತ್ತಿರುತ್ತದೆ.

ಹಳೇ ಮನೆಗೆ ಹೋಗುವ ವಿಷಯದಲ್ಲಿ ಅವಸರ ಬೇಡ. ಮಣ್ಣಿನ ಗೋಡೆ ನೀರಿನಲ್ಲಿ ಇದ್ದಾಗ ಬೀಳುವುದು ಕಡಿಮೆ. ಹೊರಗಿನ ನೀರು ಒತ್ತಿ ಹಿಡಿದಿರುತ್ತದೆ. ನೀರು ಇಳಿದಾಗ ಆ ಒತ್ತು ಹೋಗುತ್ತದೆ, ಬುಡದ ಮಣ್ಣು ಕರಗಿ ತೆಳ್ಳಗಾಗಿರುತ್ತದೆ, ಮೇಲೆ ಮಾಳಿಗೆಯ ಮಣ್ಣು ಮಳೆ ಕುಡಿದು ಇನ್ನಷ್ಟು ಭಾರ. ಬಿಸಿಲು ಬಿದ್ದು ಎರೆ ನೆಲ ಬಿರಿಯತೊಡಗಿದಾಗ ಅಡಿಪಾಯವೂ ಅಲುಗುತ್ತದೆ. ಆದ್ದರಿಂದ ಬಹಳಷ್ಟು ಮನೆಗಳು ಬೀಳುವುದು ನೀರು ಇಳಿದ ಮೂರನೇ ದಿನದಿಂದ ತಿಂಗಳೊಪ್ಪತ್ತಿನ ಒಳಗೆ. ಮೂಲೆಯಲ್ಲಿ ಮೇಲಿನಿಂದ ಕೆಳಗೆ ಸೀಳು, ಗಿಲಾವಿನ ಹೊಟ್ಟೆ ಉಬ್ಬಿದ್ದು, ಜಂತಿಯ ತುದಿ ಗೋಡೆಯಿಂದ ಎರಡು ಬೆರಳು ಸರಿದದ್ದು, ಬಾಗಿಲು ಮೊದಲಿನಂತೆ ಮುಚ್ಚದಿರುವುದು, ಇವುಗಳಲ್ಲಿ ಒಂದು ಕಂಡರೂ ಒಳಗೆ ಮಲಗಬಾರದು. ಸಾಮಾನು ತೆಗೆಯಲು ಹೋಗುವವರು ತೊಲೆಗೆ ಎರಡು ಕಡೆ ಆನಿಕೆ ಕೊಟ್ಟು, ಒಬ್ಬರು ಹೊರಗೆ ನಿಂತು, ಹಗಲಲ್ಲಿ ಹೋಗಬೇಕು. ಮೀಟರಿನ ಫ್ಯೂಸು ಮೊದಲೇ ತೆಗೆದಿರಬೇಕು.

ಎಲ್ಲ ತಕರಾರಿನ ಬೇರು ಇಲ್ಲಿದೆ. ಸಮೀಕ್ಷೆಯವರು ಬರುವುದು ನೀರು ಇಳಿದ ವಾರದೊಳಗೆ, ಮನೆ ಬೀಳುವುದು ಅದರ ನಂತರ. ತಲಾಟಿ, ಪಿಡಿಒ, ಎಂಜಿನಿಯರ್ ಸೇರಿ ಬಂದು ನೋಡಿ, ಫೋಟೋ ತೆಗೆದು, ಶೇಕಡಾವಾರು ಹಾನಿ ಬರೆಯುತ್ತಾರೆ. 2019ರ ಲೆಕ್ಕದಲ್ಲಿ 75ಕ್ಕಿಂತ ಹೆಚ್ಚಾದರೆ 'ಎ', 25ರಿಂದ 75 'ಬಿ', 15ರಿಂದ 25 'ಸಿ'. ನಿಂತ ಮನೆಗೆ ಆ ದಿನ 'ಸಿ' ಬಿತ್ತು, ಇಪ್ಪತ್ತು ದಿನಕ್ಕೆ ಮನೆ ಬಿತ್ತು, ಪಟ್ಟಿಯಲ್ಲಿ ಮಾತ್ರ ಅದು ಇನ್ನೂ ನಿಂತಿದೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಣೆಯಾಯಿತು, 'ಸಿ'ಗೆ ಮೊದಲು 25,000 ಇದ್ದದ್ದು ಆಮೇಲೆ 50,000 ಆಯಿತು. ಒಂದಕ್ಷರದಲ್ಲಿ ನಾಲ್ಕೂವರೆ ಲಕ್ಷದ ಅಂತರ.

ಸಮೀಕ್ಷೆಯ ದಿನ ಮನೆಯವರು ಎದುರಿಗೇ ಇರಬೇಕು. ಹಿತ್ತಲಿನ ಗೋಡೆ, ಬುಡದ ಕೊರೆತ, ಜಂತಿಯ ತುದಿ, ಅವರು ಕೇಳದಿದ್ದರೂ ನೀವೇ ತೋರಿಸಿ. "ಬರ್ರಿ ಸರ್, ಹಿಂದಿನ ಗ್ವಾಡಿ ಒಂದು ನೋಡ್ರಿ" ಎಂದು ಕರೆದುಕೊಂಡು ಹೋಗುವುದರಲ್ಲಿ ನಾಚಿಕೆಯೇನಿಲ್ಲ. ನೀರು ನಿಂತ ಗೆರೆ ಗೋಡೆಯ ಮೇಲಿದ್ದರೆ ತೊಳೆಯಬೇಡಿ, ಅಳತೆಪಟ್ಟಿ ಹಿಡಿದು ಫೋಟೋ ತೆಗೆಯಿರಿ. ಯಾವ ವರ್ಗ ಬರೆದರು ಎಂದು ಅಲ್ಲೇ ಕೇಳಿ. ಆಮೇಲೆ ಮನೆ ಬಿದ್ದರೆ ಅದೇ ದಿನ ತಹಶೀಲ್ದಾರರ ಹೆಸರಿಗೆ ಅರ್ಜಿ: ಮನೆ ನಂಬರು, ಮೊದಲ ಸಮೀಕ್ಷೆಯ ತಾರೀಕು, ಕೊಟ್ಟ ವರ್ಗ, ಬಿದ್ದ ತಾರೀಕು, ಬೀಳುವ ಮುಂಚಿನ ಹಾಗೂ ನಂತರದ ಫೋಟೋ, ಪಂಚನಾಮೆಗೆ ಮನವಿ. ಒಂದು ಪ್ರತಿಯ ಮೇಲೆ ಕಚೇರಿಯ ಸೀಲು ಹಾಕಿಸಿಕೊಳ್ಳಿ. ತಡಮಾಡಿದರೆ ಏನಾಗುತ್ತದೆಂದರೆ, ಗಣಕಯಂತ್ರದಲ್ಲಿ ಹೆಸರು ಸೇರಿಸಲು ಕೊನೆಯ ದಿನ ಇರುತ್ತದೆ. ಅದು ಮುಗಿದ ಮೇಲೆ "ಲಾಗಿನ್ ಬಂದ್ ಆಗೇತ್ರಿ" ಎಂಬ ಒಂದೇ ಉತ್ತರ ಎಲ್ಲ ಟೇಬಲ್ಲಿನಲ್ಲೂ ಸಿಗುತ್ತದೆ. ಮತ್ತೆ ತೆರೆಯುವುದು ಬೆಂಗಳೂರಿನ ಕೈಯಲ್ಲಿ, ಆಗ ಸೀಲು ಬಿದ್ದ ಪ್ರತಿ ಇದ್ದವರ ಹೆಸರು ಮುಂದೆ ಬರುತ್ತದೆ.

ಕಾಗದದ ತೊಡಕುಗಳಲ್ಲಿ ಮೊದಲನೆಯದು ತೀರಿಹೋದ ಅಪ್ಪನ ಹೆಸರಿನಲ್ಲೇ ಉಳಿದ ಉತಾರ. ವಾರಸಾ ಮಾಡಿಸದೆ ಇಪ್ಪತ್ತು ವರ್ಷ ಕಳೆದ ಮನೆಗಳೇ ಹೆಚ್ಚು. ಮರಣ ಪ್ರಮಾಣಪತ್ರ, ವಂಶಾವಳಿ, ಉಳಿದ ಅಣ್ಣ-ತಮ್ಮ, ಅಕ್ಕ-ತಂಗಿಯರ ಒಪ್ಪಿಗೆ ಕೂಡಿಸಲು ಎರಡು ತಿಂಗಳಾದರೂ ಬೇಕು. ಎರಡನೆಯದು ಒಂದು ಮನೆ ನಂಬರಿನಲ್ಲಿ ಮೂರು ಒಲೆ. ಅಣ್ಣ-ತಮ್ಮಂದಿರಿಗೆ ಬೇರೆ ರೇಷನ್ ಕಾರ್ಡಿದ್ದರೂ ಪಂಚಾಯಿತಿಯಲ್ಲಿ ಮನೆ ಒಂದೇ, ಪರಿಹಾರವೂ ಒಂದೇ. ಹಣ ಬಂದ ದಿನ ಮಹಾಪೂರಕ್ಕಿಂತ ದೊಡ್ಡ ಜಗಳ. ಮಳೆಗಾಲದ ಮುಂಚೆಯೇ ಪಾಲು ಮಾಡಿ ಬೇರೆ ನಂಬರು ಪಡೆದುಕೊಳ್ಳುವುದೊಂದೇ ದಾರಿ. ಮೂರನೆಯದು ಗಾಯರಾಣದಲ್ಲಿ (ಸರ್ಕಾರಿ ಗೋಮಾಳ) ಕಟ್ಟಿಕೊಂಡ, ಉತಾರವೇ ಇಲ್ಲದ ಮನೆ. ಅಲ್ಲಿ ಮನೆಪಟ್ಟಿ ರಸೀದಿ, ವಿದ್ಯುತ್ ಬಿಲ್ಲು, ಮತದಾರರ ಪಟ್ಟಿಯಲ್ಲಿನ ವಿಳಾಸ, ಇವೇ ಆಧಾರ. ಆಧಾರ್ ಮೂಲಕ ಬರುವ ಹಣ ನೀವು ಪಾಸ್‌ಬುಕ್ ಕೊಟ್ಟ ಖಾತೆಗೇ ಬರುತ್ತದೆಂದೂ ತಿಳಿಯಬೇಡಿ. ಕೊನೆಗೆ ಯಾವ ಖಾತೆಗೆ ಆಧಾರ್ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಬೆಳೆಸಾಲದ ಖಾತೆಗೆ ಜೋಡಣೆಯಾಗಿದ್ದರೆ ಬ್ಯಾಂಕು ಸಾಲಕ್ಕೆ ಜಮಾ ಮಾಡಿಕೊಂಡೀತು. ಮೊದಲೇ ವಿಚಾರಿಸಿ.

2019ರಲ್ಲಿ ಮನೆ ಪೂರ್ತಿ ಕಳೆದುಕೊಂಡವರಿಗೆ ಹೊಸ ಮನೆ ಆಗುವವರೆಗೆ ತಿಂಗಳಿಗೆ 5,000 ರೂಪಾಯಿಯಂತೆ ಹತ್ತು ತಿಂಗಳ ಬಾಡಿಗೆ ಎಂದು ಸರ್ಕಾರ ಹೇಳಿತು, ಬೇಡವೆಂದರೆ ಶೆಡ್ಡು. ಕಾಗದದಲ್ಲಿ ಬಾಡಿಗೆ ಒಳ್ಳೆಯದು. ಆದರೆ ಹಳ್ಳಿಯಲ್ಲಿ ಬಾಡಿಗೆ ಮನೆ ಎಲ್ಲಿದೆ? ತಾಲ್ಲೂಕು ಊರಿಗೆ ಹೋಗಬೇಕು, ಅಲ್ಲಿ ಡಿಪಾಜಿಟ್ಟು ಮೊದಲು, ಸರ್ಕಾರದ ಹಣ ಆಮೇಲೆ. ಎಮ್ಮೆಗೆ ಜಾಗವಿಲ್ಲ, ಹೊಲ ಹದಿನೈದು ಮೈಲಿ ದೂರ. ದನವಿಲ್ಲದವರು, ಶಾಲೆ-ಕಾಲೇಜಿನ ಮಕ್ಕಳಿರುವವರು ಬಾಡಿಗೆ ಹಿಡಿದರು. ಒಕ್ಕಲುತನದವರು ಶೆಡ್ಡಿಗೇ ನಿಂತರು. ಇಲ್ಲಿ ತಪ್ಪು ಆಯ್ಕೆ ಮಾಡಿಕೊಂಡವರು ಕಡಿಮೆ, ತಪ್ಪು ಶೆಡ್ಡು ಕಟ್ಟಿಕೊಂಡವರು ಬಹಳ.

ಐದು ಜನಕ್ಕೆ 3.5 ಚದರ ಮೀಟರಿನ ಲೆಕ್ಕ ಹಿಡಿದರೆ 12 ಅಡಿಗೆ 16 ಅಡಿ ಶೆಡ್ಡು ಬೇಕು. ಒಂದೇ ಕಡೆ ಇಳಿಜಾರಿನ ಮಾಡಿಗೆ 14 ಅಡಿ ಉದ್ದ, ಮೂರೂವರೆ ಅಡಿ ಅಗಲದ ಆರು ತಗಡು, ಒಂದರ ಮೇಲೊಂದು ಸೇರಿ ಅಂಚು ಹೊರಚಾಚಲು ಸರಿಹೋಗುತ್ತದೆ. ಗೋಡೆಗೆ ಹದಿನೇಳು ಹಾಳೆ. ಮಾಡು ಮುಂದೆ ಒಂಬತ್ತೂವರೆ ಅಡಿ, ಹಿಂದೆ ಎಂಟು ಅಡಿ ಇರಲಿ. ಎಲ್ಲರೂ ಹಣ ಉಳಿಸಲು ಏಳಡಿಗೆ ಇಳಿಸುತ್ತಾರೆ, ಏಪ್ರಿಲಿನಲ್ಲಿ ಅಳುತ್ತಾರೆ. ಗೋಡೆಗೂ ಮಾಡಿಗೂ ನಡುವೆ ಒಂಬತ್ತು ಇಂಚು ತೆರಪು ಬಿಟ್ಟು ಜಾಳಿಗೆ ಹಾಕಿದರೆ ಬಿಸಿಗಾಳಿ ಹೊರಗೆ ಹೋಗುತ್ತದೆ. ಬಾಗಲಕೋಟೆ ಬಿಸಿಲು 40 ಡಿಗ್ರಿ ದಾಟಿದಾಗ ತೆರಪಿಲ್ಲದ ತಗಡಿನ ಖೋಲಿಯಲ್ಲಿ ಮಧ್ಯಾಹ್ನ ಯಾರೂ ಕೂರಲಾರರು. ಬಾಣಂತಿ, ಕೂಸುಗಳನ್ನು ಬೇವಿನ ಮರದ ಕೆಳಗೆ ಮಲಗಿಸಬೇಕಾಗುತ್ತದೆ. ಮಾಡಿಗೆ ಸುಣ್ಣ ಬಳಿಯುವುದು ಅಗ್ಗದ ಉಪಾಯ. ಕಬ್ಬಿನ ರವದಿ (ಒಣ ಸೋಗೆ) ಹೊದಿಸಿದರೆ ಇನ್ನೂ ತಂಪು, ಆದರೆ ಒಲೆ ಹೊರಗಿರಬೇಕು, ಕಿಡಿಯೊಂದು ಸಾಕು.

ನೆಲವನ್ನು ಗರಸು (ಹರಳು ಮಣ್ಣು) ಹಾಕಿ ಒಂದಡಿ ಎತ್ತರಿಸಿ, ನೀರು ಹುಯ್ದು ಬಡಿದು ಕೂರಿಸಿ. ಕಂಬಗಳನ್ನು ಎರೆಯಲ್ಲಿ ಸುಮ್ಮನೆ ಹೂಳಿದರೆ ಬೇಸಿಗೆಯಲ್ಲಿ ನೆಲ ಬಿರಿದು ಕಂಬ ಗೂಟದಂತೆ ಅಲುಗುತ್ತದೆ. ಎರಡಡಿ ಗುಂಡಿ ತೋಡಿ, ತಳಕ್ಕೆ ಗರಸು ಹಾಕಿ, ಕಾಂಕ್ರೀಟಿನಲ್ಲಿ ನಿಲ್ಲಿಸಬೇಕು. ಮಾಡಿನ ಸ್ಕ್ರೂವನ್ನು ತಗಡಿನ ಉಬ್ಬಿನ ಮೇಲೆ, ರಬ್ಬರ್ ವಾಯ್ಸರ್ ಸಮೇತ ಹಾಕಬೇಕು. ತಗ್ಗಿನಲ್ಲಿ ಹಾಕಿದರೆ ಮೊದಲ ಮಳೆಗೇ ಸೋರುತ್ತದೆ. ಅಂಚಿನ ಸಾಲಿಗೆ ಪ್ರತಿ ಉಬ್ಬಿಗೂ ಸ್ಕ್ರೂ, ಏಕೆಂದರೆ ಮುಂಗಾರಿನ ಮುಂಚಿನ ಬಿರುಗಾಳಿ ತಗಡನ್ನು ಕೀಳುವುದು ಅಂಚಿನಿಂದಲೇ. ಅದಕ್ಕೆಂದು ಮಾಡಿನ ಮೇಲೆ ಕಲ್ಲು ಹೇರುವ ರೂಢಿ ನಮ್ಮಲ್ಲಿದೆ. ತಗಡು ಎದ್ದರೆ ಮೊದಲು ಬೀಳುವುದು ಆ ಕಲ್ಲು, ಅದೂ ಮಲಗಿದವರ ಮೇಲೆ. ಕಲ್ಲಿನ ಬದಲು ಮಾಡಿನ ಮೇಲೆ ಅಡ್ಡಲಾಗಿ ತಂತಿ ಎಳೆದು ನೆಲದ ಗೂಟಕ್ಕೆ ಬಿಗಿಯಿರಿ.

ಕರೆಂಟಿನ ವಿಷಯದಲ್ಲಿ ಕಂಜೂಸಿ ಬೇಡವೇ ಬೇಡ. ಪಕ್ಕದ ಮನೆಯಿಂದ ಎಳೆದ ವೈರು ತಗಡಿನ ಅಂಚಿಗೆ ತಿಕ್ಕಿ ತಿಕ್ಕಿ ಸುಲಿದು ಇಡೀ ಶೆಡ್ಡಿಗೇ ಕರೆಂಟು ಬರುತ್ತದೆ. ಒದ್ದೆ ಕೈಯಲ್ಲಿ ಬಾಗಿಲು ಮುಟ್ಟಿದವರ ಗತಿ ಹೇಳಬೇಕಿಲ್ಲ. ತಾತ್ಕಾಲಿಕ ಮೀಟರಿಗೆ ಅರ್ಜಿ ಹಾಕಿ, ವೈರನ್ನು ಪಿವಿಸಿ ಪೈಪಿನಲ್ಲಿ ತನ್ನಿ, ಶೆಡ್ಡಿನ ಚೌಕಟ್ಟಿಗೆ ಅರ್ಥಿಂಗ್ ಕೊಡಿಸಿ, ಸೋರಿಕೆಯಾದರೆ ತಾನೇ ಬೀಳುವ ಇಎಲ್‌ಸಿಬಿ ಹಾಕಿಸಿ.

ಶೆಡ್ಡು ಎಲ್ಲಿ ಕಟ್ಟಬೇಕು ಎಂಬುದಕ್ಕೆ 2009ರ ಪಾಠವಿದೆ. ಆ ವರ್ಷ ಸೆಪ್ಟೆಂಬರ್ ಕೊನೆಯ ಮಳೆಗೆ ಉತ್ತರ ಕರ್ನಾಟಕದ ಊರೂರೇ ಕುಸಿದಾಗ 'ಆಸರೆ' ಯೋಜನೆಯಲ್ಲಿ ದಾನಿಗಳ ನೆರವಿನಿಂದ ದಿಬ್ಬಗಳ ಮೇಲೆ ಸಾವಿರಾರು ಮನೆ ಎದ್ದವು. ಅನೇಕ ಕಡೆ ಜನ ಹೋಗಲೇ ಇಲ್ಲ. ಹೊಲ ದೂರ, ದನ ಕಟ್ಟಲು ಹಿತ್ತಿಲಿಲ್ಲ, ನಳದಲ್ಲಿ ನೀರಿಲ್ಲ, ಹಕ್ಕುಪತ್ರ ಕೈಗೆ ಬಂದಿರಲಿಲ್ಲ. ಬೀಗ ಹಾಕಿದ ಮನೆಗಳ ಬಾಗಿಲು-ಕಿಟಕಿ ಕಳುವಾದವು, ಅಂಗಳದಲ್ಲಿ ಜಾಲಿ ಬೆಳೆಯಿತು. 2019ರಲ್ಲಿ ಹೊಳೆ ಮತ್ತೆ ಬಂದಾಗ ಅದೇ ಮನೆಗಳ ಜಾಲಿ ಕಡಿದು ಒಳಗೆ ಹೊಕ್ಕರು. ನಿಮ್ಮ ಊರಿಗೆ ಅಂಥ ಆಸರೆ ಮನೆಗಳಿದ್ದರೆ ಮೇ ತಿಂಗಳಲ್ಲೇ ಹೋಗಿ ನೋಡಿ ಬನ್ನಿ. ಬಾಗಿಲು, ಒಂದು ನೀರಿನ ಟಾಕಿ, ಒಂದು ಕರೆಂಟ್ ಲೈನು ಇಷ್ಟಾದರೆ ಶೆಡ್ಡಿಗಿಂತ ನೂರು ಪಾಲು ಮೇಲು.

ಕೊಡಗಿನ ಲೆಕ್ಕ ಬೇರೆ. 2018ರ ಆಗಸ್ಟ್‌ನಲ್ಲಿ ಗುಡ್ಡವೇ ಜಾರಿದ್ದರಿಂದ ಹಳೆಯ ಜಾಗದಲ್ಲಿ ಶೆಡ್ಡು ಹಾಕುವ ಮಾತೇ ಇರಲಿಲ್ಲ, ಹೊಸ ಜಾಗ ಹುಡುಕಿ ಸಮತಟ್ಟು ಮಾಡಬೇಕಿತ್ತು. ಅಲ್ಲಿ ಬಾಡಿಗೆಗೆ ತಿಂಗಳಿಗೆ 10,000 ರೂಪಾಯಿ ಕೊಟ್ಟರು. ಮಾದೆನಾಡು, ಜಂಬೂರಿನಂಥ ಕಡೆ ಮನೆಗಳ ಕೀಲಿ ಕೈಗೆ ಬಂದದ್ದು 2020ರ ಜೂನಿನಲ್ಲಿ. ಎರಡು ವರ್ಷ ಎಂಬುದು ನೆನಪಿರಲಿ. 'ತಾತ್ಕಾಲಿಕ' ಎಂದು ಕಚೇರಿ ಬರೆದಾಗ ನೀವು ಎರಡು ಮಳೆಗಾಲ ಎಂದು ಓದಿಕೊಳ್ಳಿ, ತಗಡನ್ನೂ ಕಂಬವನ್ನೂ ಆ ಲೆಕ್ಕಕ್ಕೇ ತನ್ನಿ.

ಇನ್ನು 5 ಲಕ್ಷ. ಅದು ಪ್ರತಿ ಪೂರಕ್ಕೂ ಸಿಗುವ ಮೊತ್ತವಲ್ಲ. 2019ರಲ್ಲಿ ಬಯಲು ಸೀಮೆಯಲ್ಲಿ ಪೂರ್ತಿ ಬಿದ್ದ ಪಕ್ಕಾ ಮನೆಗೆ ಕೇಂದ್ರ ಸರ್ಕಾರದ ಮಾನದಂಡ 95,100 ರೂಪಾಯಿ ಇತ್ತು, 2022ರ ಮಾನದಂಡದಲ್ಲಿ 1.2 ಲಕ್ಷ. ಉಳಿದದ್ದು ರಾಜ್ಯ ಸರ್ಕಾರ ಆಯಾ ವರ್ಷದ ಆದೇಶದಲ್ಲಿ ಸೇರಿಸಿದ್ದು. ಆದೇಶದ ಪ್ರತಿ ಕಣ್ಣಾರೆ ನೋಡುವ ಮೊದಲು ಸಾಲ ಮಾಡಿ ಅಡಿಪಾಯ ತೋಡಬೇಡಿ. ಹಣ ಬರುವುದು ಹಂತ ಹಂತವಾಗಿ, ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ: ಅಡಿಪಾಯ, ಕಿಟಕಿ ಮೇಲಿನ ಲಿಂಟಲ್, ಛಾವಣಿ, ಪೂರ್ಣ. ಪ್ರತಿ ಹಂತಕ್ಕೂ ಪಂಚಾಯಿತಿಯವರು ಬಂದು ಜಿಪಿಎಸ್ ಫೋಟೋ ತೆಗೆಯಬೇಕು. ಮೊದಲ ಫೋಟೋ ಎಲ್ಲಿ ತೆಗೆದರೋ ಅಲ್ಲೇ ಮನೆ ಏಳಬೇಕು. ಆಮೇಲೆ ಹತ್ತು ಮಾರು ಆಚೆ ಕಟ್ಟಿದರೆ ಜಾಗ ತಾಳೆಯಾಗದೆ ಕಂತು ನಿಲ್ಲುತ್ತದೆ.

ಮೊದಲ ಕಂತು ಎರೆ ನೆಲದಲ್ಲಿ ಅಡಿಪಾಯಕ್ಕೇ ಸಾಲುವುದಿಲ್ಲ. ಗಟ್ಟಿ ನೆಲ ಸಿಗಲು ಐದಾರು ಅಡಿ ಇಳಿಯಬೇಕು. ಊರೆಲ್ಲ ಒಟ್ಟಿಗೆ ಕಟ್ಟಲು ಹೊರಟಾಗ ಉಸುಕು, ಇಟ್ಟಂಗಿ, ಗೌಂಡಿ ಮೂರೂ ದುಬಾರಿ. ಕೆಲಸ ನಿಂತರೆ ಅವಧಿ ಮೀರಿ ಹೆಸರು 'ಬ್ಲಾಕ್' ಆಗುತ್ತದೆ. ಆದ್ದರಿಂದ ಐದಾರು ಮನೆಯವರು ಕೂಡಿ ಒಬ್ಬನೇ ಗೌಂಡಿಯನ್ನು ಹಿಡಿದು, ಎಲ್ಲರ ಅಡಿಪಾಯ ಒಂದೇ ವಾರದಲ್ಲಿ ಮುಗಿಸಿ, ಒಂದೇ ದಿನ ಫೋಟೋ ತೆಗೆಸಿ. ಪಂಚಾಯಿತಿಯವರಿಗೂ ಆರು ಸಲ ಬರುವ ಬದಲು ಒಂದು ಸಲ ಬಂದರೆ ಹಗುರ.

ಹೊಸ ಮನೆಗೆ ಹೋದ ದಿನ ಶೆಡ್ಡಿನ ತಾತ್ಕಾಲಿಕ ಮೀಟರನ್ನು ಬರೆದು ಕೊಟ್ಟು ಬಂದ್ ಮಾಡಿಸಿ, ಇಲ್ಲವಾದರೆ ಬಿಲ್ಲು ಬರುತ್ತಲೇ ಇರುತ್ತದೆ. ಸ್ಕ್ರೂ ಬಿಚ್ಚುವಾಗ ತಗಡಿಗೆ ಸಾಲು ಸಾಲಾಗಿ ನಂಬರು ಹಾಕಿ. ಗುಜರಿಯವನು ಕೊಡುವುದು ಕಿಲೋ ಲೆಕ್ಕ. ಅವೇ ಹಾಳೆ ದಿಬ್ಬದ ಮೇಲಿನ ಹೊಲಕ್ಕೆ ಒಯ್ದು ಹಳೆಯ ತೂತಿಗೆ ಹಳೆಯ ತೂತು ಹೊಂದಿಸಿ ನಿಲ್ಲಿಸಿದರೆ ಎರಡು ಎಮ್ಮೆಗೆ ಕೊಟ್ಟಿಗೆಯಾಗುತ್ತದೆ, ಮುಂದಿನ ಆಗಸ್ಟಿನಲ್ಲಿ ದನ ಎಲ್ಲಿ ಕಟ್ಟುವುದು ಎಂದು ಯೋಚಿಸಬೇಕಿಲ್ಲ.